ಡೊಂಕಾದ ಪ್ಲೇಟಿಗೆ ಟ್ರಾಕ್ಟರನ್ನೇ ಮಾರಬೇಕೆ?



ಕಳೆದ ಸಂಚಿಕೆಯ ಕೊನೆಯ ಪುಟದಲ್ಲಿ, ಯುಗಾದಿ ಊಟದ ಲೆಕ್ಕಪತ್ರದ ಕೆಳಗೆ, ಕಾರ್ಯಕಾರಿ ಸಮಿತಿಯ ಒಂದು ಸೂಚನೆ ಅಚ್ಚಾಗಿತ್ತು. ಹೋಳಿಗೆಯ ಖರ್ಚು ನೋಡುವ ಭರದಲ್ಲಿ ಅನೇಕರು ಅದನ್ನು ಓದಿರಲಿಕ್ಕಿಲ್ಲ. ಭವನಕ್ಕೆಂದು ನಾವು ಕೊಂಡಿಟ್ಟಿರುವ ಎಂಟು ಎಕರೆ ಜಾಗದಲ್ಲಿ ನಿಂತಿರುವ ಟ್ರಾಕ್ಟರಿನ “ಲೋಡರ್ ಕೆಟ್ಟಿರುವುದರಿಂದ” ಅದನ್ನು ಬಂದಷ್ಟು ಬೆಲೆಗೆ ಮಾರಿ, ಮನೆಗೆ ನೂರೈವತ್ತು ಡಾಲರಿನಂತೆ ವಂತಿಗೆ ಎತ್ತಿ, ಹೊಸ ಟ್ರಾಕ್ಟರ್ ಕೊಳ್ಳಬೇಕು ಎಂಬುದು ಆ ಸೂಚನೆ. ಬರುವ ಸಾಮಾನ್ಯ ಸಭೆಯಲ್ಲಿ ಇದು ಮತಕ್ಕೆ ಬರಲಿದೆ. ನಾನು ಇದನ್ನು ವಿರೋಧಿಸುತ್ತೇನೆ. ಸಭೆಯಲ್ಲಿ ಮಾತಾಡಲು ಸಿಗುವುದು ಮೂರು ನಿಮಿಷ, ಅದರಲ್ಲಿ ಎರಡು ನಿಮಿಷ ಮೈಕ್ ಸರಿಮಾಡುವುದಕ್ಕೇ ಹೋಗುತ್ತದೆ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯ ಮಾತು: ಲೋಡರ್ ಕೆಟ್ಟಿಲ್ಲ. ಇಂಜಿನ್ ಒಂದೇ ಸಲಕ್ಕೆ ಹೊತ್ತಿಕೊಳ್ಳುತ್ತದೆ. ಹೈಡ್ರಾಲಿಕ್ ಸಿಲಿಂಡರುಗಳು ಒಂದು ಹನಿ ಎಣ್ಣೆ ಸೋರುತ್ತಿಲ್ಲ. ಲೋಡರಿನ ಎರಡು ತೋಳುಗಳೂ ನೆಟ್ಟಗಿವೆ. ಡೊಂಕಾಗಿರುವುದು ಒಂದೇ ಒಂದು ಭಾಗ, ಕ್ವಿಕ್ ಅಟ್ಯಾಚ್ ಪ್ಲೇಟು. ನೆಗಡಿಯಾಯಿತೆಂದು ಮೂಗನ್ನೇ ಕೊಯ್ಯಿಸಿಕೊಳ್ಳುವವರನ್ನು ಗಾದೆಯಲ್ಲಿ ಕೇಳಿದ್ದೆ. ಈಗ ಸಮಿತಿಯ ಸೂಚನೆಯಲ್ಲಿ ನೋಡುತ್ತಿದ್ದೇನೆ.

ಟ್ರಾಕ್ಟರಿನ ಹತ್ತಿರ ಹೋಗಿ ನೋಡದವರಿಗಾಗಿ ಇದೇನೆಂದು ಹೇಳಿಬಿಡುತ್ತೇನೆ. ಟ್ರಾಕ್ಟರಿನ ಮುಂದೆ ಎರಡು ಉಕ್ಕಿನ ತೋಳುಗಳಿವೆಯಲ್ಲ, ಅವುಗಳ ತುದಿಯಲ್ಲಿ ಸುಮಾರು 45 ಅಂಗುಲ ಅಗಲದ ಒಂದು ಗಟ್ಟಿ ಚೌಕಟ್ಟು ಇರುತ್ತದೆ. ಮಣ್ಣೆತ್ತುವ ಬಕೆಟ್ಟಾಗಲಿ, ಮರದ ದಿಮ್ಮಿ ಎತ್ತುವ ಫೋರ್ಕಾಗಲಿ, ಹಿಮ ತಳ್ಳುವ ಬ್ಲೇಡಾಗಲಿ ಇದಕ್ಕೇ ಸಿಕ್ಕಿಕೊಳ್ಳಬೇಕು. ಚೌಕಟ್ಟಿನ ಮೇಲಂಚು ಬಕೆಟ್ಟಿನ ಹಿಂಬದಿಯ ತುಟಿಯ ಕೆಳಗೆ ಹೋಗಿ ಕೂರುತ್ತದೆ. ಆಮೇಲೆ ಎಡಕ್ಕೊಂದು ಬಲಕ್ಕೊಂದು ಇರುವ ಲಿವರುಗಳನ್ನು ಒತ್ತಿದರೆ ಎರಡು ದಪ್ಪ ಪಿನ್ನುಗಳು ಕೆಳಗಿಳಿದು ಬಕೆಟ್ಟಿನ ಕೆಳಗಿನ ತೂತುಗಳಲ್ಲಿ ಕಚ್ಚಿಕೊಳ್ಳುತ್ತವೆ. ಒಂದು ಸಲಕರಣೆ ಬಿಚ್ಚಿ ಇನ್ನೊಂದು ಹಾಕಲು ಎರಡು ನಿಮಿಷ ಸಾಕು. ಈಗ ನಮ್ಮ ಪ್ಲೇಟಿನ ಬಲಗಡೆಯ ಕೆಳಗಿನ ಮೂಲೆ ಹಿಂದಕ್ಕೆ ಬಾಗಿದೆ. ಎಡಗಡೆಯ ಪಿನ್ನು ಸರಿಯಾಗಿ ಇಳಿಯುತ್ತದೆ, ಬಲಗಡೆಯದು ತೂತಿಗೆ ಸಿಗುತ್ತಿಲ್ಲ. ರೋಗ ಇಷ್ಟೇ.

ಒಂದೇ ಪಿನ್ನಿನಲ್ಲಿ ಕೆಲಸ ಸಾಗಿಸಬಹುದಲ್ಲ, ಇನ್ನೊಂದು ಕಡೆ ಸರಪಳಿ ಬಿಗಿದರಾಯಿತು ಎಂದವರೂ ಇದ್ದಾರೆ. ಅವರಿಗೂ ನನ್ನ ವಿರೋಧವಿದೆ. ತುಂಬಿದ ಬಕೆಟ್ಟು ತಲೆಯ ಎತ್ತರದಲ್ಲಿ ಕಳಚಿಕೊಂಡರೆ ಕೆಳಗಿದ್ದವನ ಗತಿ ಏನು? ಪ್ಲೇಟು ನೆಟ್ಟಗಾಗುವ ತನಕ ಆ ಲೋಡರನ್ನು ಯಾರೂ ಮುಟ್ಟಬಾರದು. ಬಿಸಾಡುವುದು ಹೇಗೆ ತಪ್ಪೋ ಹೇಗೋ ಒಂದು ಹಾಗೆ ಓಡಿಸುವುದೂ ಹಾಗೆಯೇ ತಪ್ಪು.

ಇನ್ನು ಇದನ್ನು ನೆಟ್ಟಗೆ ಮಾಡುವುದು ಹೇಗೆ? ನಾಸಾದಿಂದ ಯಾರೂ ಬರಬೇಕಾಗಿಲ್ಲ. ಕ್ರಮವಾಗಿ ಹೇಳುತ್ತೇನೆ.

ಮೊದಲು ಅಳತೆ. ಸಮತಟ್ಟಾದ ಕಾಂಕ್ರೀಟಿನ ಮೇಲೆ ಟ್ರಾಕ್ಟರ್ ನಿಲ್ಲಿಸಿ, ಎರಡು ಮುಂದಿನ ಗಾಲಿಗಳ ಗಾಳಿ ಒಂದೇ ಆಗಿದೆಯೇ ನೋಡಬೇಕು. ಒಂದು ಗಾಲಿಯಲ್ಲಿ ಗಾಳಿ ಕಡಿಮೆಯಿದ್ದರೂ ಬಕೆಟ್ಟು ಓರೆಯಾಗಿ ಕಾಣುತ್ತದೆ. ಕುಣಿಯಲಾರದವಳು ನೆಲ ಡೊಂಕೆಂದಳು ಎನ್ನುತ್ತಾರಲ್ಲ, ಇಲ್ಲಿ ಕೆಲವು ಸಲ ನೆಲವೇ ನಿಜವಾಗಿ ಡೊಂಕಾಗಿರುತ್ತದೆ. ಆಮೇಲೆ ನೆರೆಯ ರೈತನ ಇನ್ನೊಂದು ಫೋರ್ಕನ್ನು ಸಿಕ್ಕಿಸಿ ನೋಡಬೇಕು. ಅದು ಸರಿಯಾಗಿ ಕೂತರೆ ದೋಷ ನಮ್ಮ ಬಕೆಟ್ಟಿನದು, ಕೂರದಿದ್ದರೆ ಪ್ಲೇಟಿನದು. ನಾಲ್ಕು ಮೂಲೆಗಳಿಂದ ಕರ್ಣಕ್ಕೆ ಕರ್ಣ ಎರಡು ದಾರ ಬಿಗಿದು ಕಟ್ಟಿದರೆ ಅವು ನಡುವೆ ಒಂದನ್ನೊಂದು ಮುಟ್ಟಬೇಕು. ಮೇಲಿನ ದಾರವನ್ನು ಕೆಳಗೆ, ಕೆಳಗಿನದನ್ನು ಮೇಲೆ ಮಾಡಿ ಕಟ್ಟಿದಾಗಲೂ ಮುಟ್ಟಬೇಕು. ಎಲ್ಲಾದರೂ ಸಂದು ಕಂಡರೆ ಪ್ಲೇಟು ತಿರುಚಿದೆ ಎಂದರ್ಥ. ನಮ್ಮ ಊರಿನ ಗಾರೆಯವರು ದಾರ ಹಿಡಿದೇ ಗೋಡೆ ಎಬ್ಬಿಸಿದ್ದು, ಅದೇ ವಿದ್ಯೆ ಇದು.

ಎರಡನೆಯದು ಬಿಚ್ಚುವುದು. ಲೋಡರನ್ನು ಪೂರ್ತಿ ನೆಲಕ್ಕಿಳಿಸಿ, ಇಂಜಿನ್ ನಿಲ್ಲಿಸಿ, ಹಿಡಿಕೆಯನ್ನು ನಾಲ್ಕೂ ದಿಕ್ಕಿಗೆ ಆಡಿಸಿ ಹೈಡ್ರಾಲಿಕ್ ಒತ್ತಡ ಇಳಿಸಬೇಕು. ಆಮೇಲೆ ತೋಳುಗಳ ಎರಡು ಪಿನ್ನು, ಸಿಲಿಂಡರುಗಳ ಎರಡು ಪಿನ್ನು, ಒಟ್ಟು ನಾಲ್ಕು ಪಿನ್ನು ತೆಗೆದರೆ ಪ್ಲೇಟು ಕೈಗೆ ಬರುತ್ತದೆ. ಹೀಗೆ ಬಿಚ್ಚಿಬಿಟ್ಟರೆ ವೆಲ್ಡಿಂಗಿನ ವಿದ್ಯುತ್ತು ಟ್ರಾಕ್ಟರಿನ ಬೇರಿಂಗುಗಳ ಮೂಲಕ ಹರಿದು ಹಾಳಾಗುವ ಭಯವೂ ಇಲ್ಲ, ಕಿಡಿ ಹಾರಿ ಎಣ್ಣೆಯ ಪೈಪು ಸುಡುವ ಭಯವೂ ಇಲ್ಲ. ಪ್ಲೇಟಿನಲ್ಲಿರುವ ಲಿವರು, ಸ್ಪ್ರಿಂಗು, ಬೀಗದ ಪಿನ್ನುಗಳನ್ನೂ ಬಿಚ್ಚಿಡಬೇಕು. ಕಾಯಿಸಿದರೆ ಅವುಗಳ ಗಡಸು ಹೋಗುತ್ತದೆ.

ಮೂರನೆಯದು ಬಗ್ಗಿಸುವುದು. ಒಂದು ದಪ್ಪ ಉಕ್ಕಿನ ತೊಲೆಗೆ ಪ್ಲೇಟನ್ನು ಸರಪಳಿಯಿಂದ ಬಿಗಿದು, ಡೊಂಕಿಗೂ ತೊಲೆಗೂ ನಡುವೆ ಇಪ್ಪತ್ತು ಟನ್ನಿನ ಬಾಟಲ್ ಜ್ಯಾಕ್ ಇಟ್ಟು ನಿಧಾನವಾಗಿ ಒತ್ತಬೇಕು. ಸಣ್ಣ ಡೊಂಕಾದರೆ ಕಾಯಿಸದೆಯೇ ಬರುತ್ತದೆ. ಬರದಿದ್ದರೆ ಬಣ್ಣವನ್ನು ಮೊದಲು ಕೆರೆದು ತೆಗೆದು, ಗ್ಯಾಸಿನ ಜ್ವಾಲೆಯಿಂದ ಆ ಜಾಗವನ್ನು ಮಂದ ಕೆಂಪಾಗುವ ತನಕ, ಎಂದರೆ 600ರಿಂದ 650 ಡಿಗ್ರಿ ಸೆಂಟಿಗ್ರೇಡಿನ ತನಕ ಕಾಯಿಸಿ ಒತ್ತಬೇಕು. ಕಾಯಿಸದೆ ಒತ್ತುವುದಾದರೆ ನೇರಕ್ಕಿಂತ ಒಂದು ಕೂದಲೆಳೆ ಮುಂದಕ್ಕೇ ಒತ್ತಬೇಕು, ಏಕೆಂದರೆ ಜ್ಯಾಕ್ ಬಿಟ್ಟೊಡನೆ ಉಕ್ಕು ಕೊಂಚ ಹಿಂದಕ್ಕೆ ಬರುತ್ತದೆ. ಕಾಯಿಸಿದ ಮೇಲೆ ನೀರು ಸುರಿಯಕೂಡದು; ತಾನೇ ಆರಬೇಕು. ಸರಪಳಿ ಹರಿದರೆ ಹಾರುವ ದಿಕ್ಕಿನಲ್ಲಿ ಯಾರೂ ನಿಲ್ಲಬಾರದು.

ನಾಲ್ಕನೆಯದು ಪರೀಕ್ಷೆ. ಬಾಗಿದ ಕಡೆ, ಅದರಲ್ಲೂ ಹಳೆಯ ಬೆಸುಗೆಯ ಮೂಲೆಗಳಲ್ಲಿ, ಬಿರುಕು ಬಿಟ್ಟಿದೆಯೇ ನೋಡಬೇಕು. ಇದಕ್ಕೆ ಕೆಂಪು ದ್ರಾವಣ ಹಚ್ಚಿ, ಒರೆಸಿ, ಬಿಳಿ ಪುಡಿ ಸಿಂಪಡಿಸುವ ಒಂದು ಸುಲಭ ಉಪಾಯವಿದೆ. ಬಿರುಕಿದ್ದರೆ ಬಿಳಿಯ ಮೇಲೆ ಕೆಂಪು ಗೆರೆ ಮೂಡುತ್ತದೆ. ಬಿರುಕನ್ನು ಬುಡದ ತನಕ ಅರೆದು ತೆಗೆದು ಬೆಸೆಯಬೇಕು. ಮೇಲೆ ಬಣ್ಣ ಬಳಿದು ಮುಚ್ಚುವುದಲ್ಲ. ಕೊನೆಗೆ ಬಕೆಟ್ಟು ಸಿಕ್ಕಿಸಿ, ಎರಡೂ ಪಿನ್ನುಗಳ ತುದಿ ಕೆಳಗಿನಿಂದ ಕಣ್ಣಿಗೆ ಕಾಣುತ್ತದೆಯೇ ನೋಡಿ, ಬಕೆಟ್ಟಿನ ಮೂತಿಯನ್ನು ನೆಲಕ್ಕೆ ಒತ್ತಿ ಅಲುಗುತ್ತದೆಯೇ ಪರೀಕ್ಷಿಸಿದರೆ ಮುಗಿಯಿತು.

ವೆಲ್ಡಿಂಗ್ ಅಂಗಡಿಯೊಂದರಲ್ಲಿ ವಿಚಾರಿಸಿದೆ. ಈ ಇಡೀ ಕೆಲಸಕ್ಕೆ ಅವರು ಕೇಳಿದ್ದು ನಾನೂರು ಡಾಲರು. ಹೊಸ ಪ್ಲೇಟನ್ನೇ ತರಿಸಿದರೂ ಸಾವಿರದ ಎಂಟುನೂರು. ಸಮಿತಿಯ ಲೆಕ್ಕದ ಹೊಸ ಟ್ರಾಕ್ಟರಿಗೆ ಇಪ್ಪತ್ತೆಂಟು ಸಾವಿರ. ನಾನೂರಕ್ಕೂ ಇಪ್ಪತ್ತೆಂಟು ಸಾವಿರಕ್ಕೂ ಇರುವ ಅಂತರ ತಿಳಿಯಲು ನಮ್ಮ ಕೂಟದಲ್ಲಿರುವಷ್ಟು ಇಂಜಿನಿಯರುಗಳು ಬೇಕಾಗಿಲ್ಲ, ಮೂರನೆಯ ಕ್ಲಾಸಿನ ಮಗು ಸಾಕು.

ಇನ್ನು ಎದುರು ವಾದಗಳಿಗೆ ಬರೋಣ.

“ಒಂದು ಸಲ ಬಾಗಿದ ಕಬ್ಬಿಣಕ್ಕೆ ಬಲವಿಲ್ಲ” ಎನ್ನುತ್ತಾರೆ. ಅರ್ಧ ಸತ್ಯ. ತಂತಿಯನ್ನು ಹಿಂದೆ ಮುಂದೆ ಹತ್ತು ಸಲ ಬಗ್ಗಿಸಿದರೆ ತುಂಡಾಗುತ್ತದೆ, ನಿಜ. ಆದರೆ ಮೆದು ಉಕ್ಕನ್ನು ಒಂದು ಸಲ ಹದವಾಗಿ ಕಾಯಿಸಿ ನೇರ ಮಾಡಿದ ಮಾತ್ರಕ್ಕೆ ಅದು ನಿರುಪಯೋಗಿಯಾಗುವುದಿಲ್ಲ. ಬಿರುಕು ಆರಪಾರ ಹೋಗಿದ್ದರೆ, ಅಥವಾ ಅದೇ ಜಾಗ ಎರಡನೆಯ ಸಲ ಬಾಗಿದರೆ ಆಗ ಹೊಸ ಪ್ಲೇಟು ತರೋಣ, ನಾನೇ ಮೊದಲು ಕೈ ಎತ್ತುತ್ತೇನೆ. ಆಗಲೂ ತರಬೇಕಾದದ್ದು ಪ್ಲೇಟನ್ನು, ಟ್ರಾಕ್ಟರನ್ನಲ್ಲ.

“ಅಪಾಯದ ಕೆಲಸ, ನಾಳೆ ಯಾರಿಗಾದರೂ ಏನಾದರೂ ಆದರೆ ಕೂಟದ ಮೇಲೆ ಬರುತ್ತದೆ” ಎನ್ನುತ್ತಾರೆ. ಇದು ಗಂಭೀರವಾದ ಮಾತು. ನಾನು ಎಲ್ಲವನ್ನೂ ರಿಪೇರಿ ಮಾಡಿ ಎನ್ನುತ್ತಿಲ್ಲ. ಟ್ರಾಕ್ಟರ್ ಮಗುಚಿದರೆ ಚಾಲಕನನ್ನು ಕಾಯುವ ಹಿಂದಿನ ಕಮಾನು ಬಾಗಿದರೆ ಅದನ್ನು ನೇರ ಮಾಡಕೂಡದು, ಬೆಸೆಯಕೂಡದು, ಬದಲಾಯಿಸಲೇಬೇಕು. ಹೈಡ್ರಾಲಿಕ್ ಎಣ್ಣೆ ಸೋರುವ ಜಾಗವನ್ನು ಬರಿಗೈಯಿಂದ ಹುಡುಕಕೂಡದು. ಆ ಒತ್ತಡದ ಎಣ್ಣೆ ಚರ್ಮವನ್ನು ತೂರಿ ಒಳಗೆ ಹೋಗಿ ಕೈ ಕತ್ತರಿಸುವ ಪರಿಸ್ಥಿತಿ ತರಬಲ್ಲದು. ಹಾಗೆಯೇ ಬೆಸುಗೆಯನ್ನು ಕಲಿತವನೇ ಹಾಕಬೇಕು. ಅಳೆಯುವುದು, ಬಿಚ್ಚುವುದು, ಬಣ್ಣ ಕೆರೆಯುವುದು, ಮತ್ತೆ ಜೋಡಿಸುವುದು, ಇಷ್ಟು ನಮ್ಮ ಕೈಯಲ್ಲಾಗುತ್ತದೆ. ಯಾವುದನ್ನು ಮುಟ್ಟಬೇಕು ಯಾವುದನ್ನು ಮುಟ್ಟಬಾರದು ಎಂದು ತಿಳಿಯುವುದೇ ಕಸುಬಿನ ಮೊದಲ ಪಾಠ. ಏನನ್ನೂ ಮುಟ್ಟದವನಿಗೆ ಆ ಪಾಠ ಎಂದಿಗೂ ಆಗುವುದಿಲ್ಲ.

“ನಮ್ಮ ಒಂದು ಗಂಟೆಗೆ ಎಷ್ಟು ಬೆಲೆ ಗೊತ್ತೇ?” ಎನ್ನುತ್ತಾರೆ. ಗೊತ್ತು ಸ್ವಾಮಿ. ಯುಗಾದಿಗೆ ನಮ್ಮ ಅಕ್ಕತಂಗಿಯರು ಎರಡು ದಿನ ನಿಂತು ನಾನೂರು ಹೋಳಿಗೆ ಬೇಯಿಸಿದರು. ಅವರಲ್ಲಿ ಡಾಕ್ಟರುಗಳಿದ್ದರು, ಬ್ಯಾಂಕಿನವರಿದ್ದರು, ಪ್ರೊಫೆಸರುಗಳಿದ್ದರು. ಕಣಕ ನಾದುವಾಗ ಯಾರೂ ಗಂಟೆಯ ಬೆಲೆ ಲೆಕ್ಕ ಹಾಕಲಿಲ್ಲ. ಹಿಟ್ಟು ಮೆತ್ತಿಕೊಂಡ ಕೈಗಿಲ್ಲದ ಗಂಟೆಯ ಬೆಲೆ ಗ್ರೀಸು ಮೆತ್ತಿಕೊಳ್ಳುವ ಕೈಗೆ ಮಾತ್ರ ಎಲ್ಲಿಂದ ಬಂತು?

ಕೊನೆಯ ವಾದವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. “ಇದು ನಮ್ಮ ಕೆಲಸವೇ?” ಎಂಬುದು ಅದು. ಎಲ್ಲ ವಾದಗಳ ಬೇರು ಇಲ್ಲಿದೆ ಎಂದು ನನ್ನ ದೃಢವಾದ ಅಭಿಪ್ರಾಯ.

ಯಾರ ಕೆಲಸ ಮತ್ತೆ? ಈ ಪ್ಲೇಟು ಹುಟ್ಟಿದ ಕಥೆಯನ್ನೇ ನೋಡಿ. ನಾವಿರುವ ಈ ಮಿಡ್‌ವೆಸ್ಟಿನಲ್ಲೇ, ಮಿನ್ನೆಸೋಟದ ರೋಥ್ಸೇ ಎಂಬ ಪುಟ್ಟ ಊರಿನಲ್ಲಿ, ಲೂಯಿ ಮತ್ತು ಸಿರಿಲ್ ಕೆಲ್ಲರ್ ಎಂಬ ಅಣ್ಣತಮ್ಮಂದಿರು ಯಂತ್ರ ರಿಪೇರಿಯ ಅಂಗಡಿ ಇಟ್ಟಿದ್ದರು. ಕಮ್ಮಾರಿಕೆಯೇ ಅವರ ಬದುಕು. ಎಡ್ಡಿ ವೆಲೊ ಎಂಬ ಟರ್ಕಿ ಕೋಳಿ ಸಾಕುವವನಿಗೆ ಮಹಡಿಯ ಮೇಲಿದ್ದ ಕೋಳಿಮನೆಯ ಗೊಬ್ಬರ ಎತ್ತುವುದೇ ದೊಡ್ಡ ತಲೆನೋವು. ಭಾರದ ಯಂತ್ರ ಮಹಡಿಗೆ ತಾಳದು, ದೊಡ್ಡ ಯಂತ್ರ ಕಂಬಗಳ ನಡುವೆ ತಿರುಗದು. ಆ ಅಣ್ಣತಮ್ಮಂದಿರು 1957ರಲ್ಲಿ ಅವನಿಗೆ ಮೂರು ಗಾಲಿಯ ಒಂದು ಪುಟ್ಟ ಲೋಡರ್ ಮಾಡಿಕೊಟ್ಟರು. ಮರುವರ್ಷ ಅದನ್ನು ತಯಾರಿಸುವ ಹಕ್ಕನ್ನು ಮೆಲ್ರೋ ಕಂಪನಿ ಪಡೆಯಿತು, ಮುಂದೆ ಅದೇ ಬಾಬ್‌ಕ್ಯಾಟ್ ಆಯಿತು. ಸಲಕರಣೆಗಳನ್ನು ಥಟ್ಟನೆ ಬದಲಾಯಿಸುವ ಈ ಪ್ಲೇಟು ಆ ಕಂಪನಿಯಿಂದಲೇ 1970ರ ಸುಮಾರಿಗೆ ಬಂತು. ಇಂದು ಐಎಸ್ಒ 24410 ಎಂಬ ಅಂತರರಾಷ್ಟ್ರೀಯ ಮಾನಕದಲ್ಲಿ ಅದರ ಆಕಾರ ನಿಗದಿಯಾಗಿದೆ. ಎಂದರೆ ನೇರವಾಗಿದ್ದಾಗ ಅದು ಹೇಗಿರಬೇಕು ಎಂಬುದರಲ್ಲಿ ಗುಟ್ಟೇನೂ ಇಲ್ಲ. ಕೆಲ್ಲರ್ ಸೋದರರ ಹೆಸರು 2023ರಲ್ಲಿ ಅಮೆರಿಕದ ನ್ಯಾಷನಲ್ ಇನ್ವೆಂಟರ್ಸ್ ಹಾಲ್ ಆಫ್ ಫೇಮ್ ಸೇರಿತು. ರಿಪೇರಿ ಅಂಗಡಿಯಲ್ಲಿ ಶುರುವಾದ ವಂಶದ ಈ ವಸ್ತುವನ್ನು ರಿಪೇರಿ ಮಾಡುವುದು ನಮ್ಮ ಘನತೆಗೆ ಕಡಿಮೆಯೇ?

ನಮ್ಮ ಕಡೆಯ ಕಥೆಯೂ ಬೇರೆಯಲ್ಲ. ಅಜ್ಜಂದಿರ ಊರುಗಳಲ್ಲಿ ನೇಗಿಲ ಕುಳ ಮೊಂಡಾದರೆ ಯಾರೂ ನೇಗಿಲನ್ನು ಮಾರಿ ಹೊಸದಕ್ಕೆ ವಂತಿಗೆ ಎತ್ತಲಿಲ್ಲ. ಕುಲುಮೆಗೆ ಒಯ್ದು, ಕಾಯಿಸಿ, ಅಡಿಗಲ್ಲಿನ ಮೇಲೆ ತಟ್ಟಿಸಿಕೊಂಡು ಬಂದರು. ತಿದಿ ಒತ್ತುವುದಕ್ಕೆ ರೈತನೇ ಕೂರುತ್ತಿದ್ದ. ಕಮ್ಮಾರ ಊರಿನ ಆಯಗಾರರಲ್ಲಿ ಒಬ್ಬ, ಸುಗ್ಗಿಯಲ್ಲಿ ಕಣದಿಂದ ಅವನ ಪಾಲಿನ ಕಾಳು ಹೋಗುತ್ತಿತ್ತು. ಆದರೆ ಆ ಕಾಳು ಕೊಡುವಾಗಲೂ ಅವನನ್ನು ಜಗಲಿಯ ಕೆಳಗೆ ನಿಲ್ಲಿಸಿದ್ದೂ ನಾವೇ. ಕೈಕೆಲಸವನ್ನು ಕೀಳೆಂದು ಕಾಣುವ ಆ ಹಳೆಯ ರೋಗ ಪಾಸ್‌ಪೋರ್ಟಿನ ಜೊತೆಗೇ ಸಮುದ್ರ ದಾಟಿ ಬಂದಿದೆ.

ಪ್ರತಿವರ್ಷ ಸೆಪ್ಟೆಂಬರ್ 15ರಂದು ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಹಾರ ಹಾಕುತ್ತೇವೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಆರಂಭಿಸಿತು, ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ 1941ರಲ್ಲಿ, ಬೆಂಗಳೂರಿನಲ್ಲಿ ಎಚ್ಎಂಟಿ 1953ರಲ್ಲಿ ಸ್ಥಾಪನೆಯಾದವು ಎಂದು ಭಾಷಣ ಮಾಡುತ್ತೇವೆ. ನಮ್ಮಲ್ಲಿ ಎಷ್ಟೋ ಜನರ ತಂದೆಯವರು ಅಂಥ ಕಾರ್ಖಾನೆಗಳಲ್ಲಿ ಲೇತಿನ ಮುಂದೆ ನಿಂತು ದುಡಿದ ಸಂಬಳದಲ್ಲೇ ನಾವು ಓದಿದ್ದು. ನವರಾತ್ರಿಯಲ್ಲಿ ಆಯುಧಪೂಜೆ ಮಾಡುತ್ತೇವೆ. ಹೋದ ವರ್ಷ ಇದೇ ಟ್ರಾಕ್ಟರಿಗೆ ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವಿನ ಸರ ಹಾಕಿ, ಗಾಲಿಯ ಕೆಳಗೆ ನಿಂಬೆಹಣ್ಣಿಟ್ಟು ಫೋಟೋ ಹಿಡಿದುಕೊಂಡೆವು. ಆ ಪೂಜೆಯ ಅರ್ಥವೇನು? ವರ್ಷಕ್ಕೊಂದು ದಿನ ಕುಂಕುಮ, ಕೆಟ್ಟ ಮರುದಿನ ಗುಜರಿ ಎಂದೇ?

ಅಮೆರಿಕದ ರೈತರು ತಮ್ಮ ಯಂತ್ರವನ್ನು ತಾವೇ ರಿಪೇರಿ ಮಾಡುವ ಹಕ್ಕಿಗಾಗಿ ಹೋರಾಡುತ್ತಿದ್ದಾರೆ. ಈಗಿನ ದೊಡ್ಡ ಟ್ರಾಕ್ಟರುಗಳಲ್ಲಿ ಕಂಪ್ಯೂಟರ್ ಇರುತ್ತದೆ, ಅದರ ಬೀಗ ಕಂಪನಿಯ ಕೈಯಲ್ಲಿರುತ್ತದೆ. 2015ರಲ್ಲಿ ಕೃತಿಸ್ವಾಮ್ಯದ ಕಾನೂನಿನಿಂದ ಟ್ರಾಕ್ಟರಿನ ಸಾಫ್ಟ್‌ವೇರ್ ರಿಪೇರಿಗೆ ಒಂದು ವಿನಾಯಿತಿ ದೊರೆಯಿತು. 2023ರ ಏಪ್ರಿಲಿನಲ್ಲಿ ಕೊಲರಾಡೊ ರಾಜ್ಯ ಕೃಷಿಯಂತ್ರಗಳ ರಿಪೇರಿ ಹಕ್ಕಿಗೆ ಕಾನೂನು ಮಾಡಿತು, 2024ರ ಜನವರಿ 1ರಿಂದ ಅದು ಜಾರಿಗೆ ಬಂತು. 2025ರ ಜನವರಿಯಲ್ಲಿ ಫೆಡರಲ್ ಟ್ರೇಡ್ ಕಮಿಷನ್, ಇಲಿನಾಯ್ ಮತ್ತು ಮಿನ್ನೆಸೋಟ ರಾಜ್ಯಗಳ ಜೊತೆ ಸೇರಿ, ಇದೇ ವಿಷಯಕ್ಕೆ ಜಾನ್ ಡೀರ್ ಕಂಪನಿಯ ಮೇಲೆ ಮೊಕದ್ದಮೆ ಹೂಡಿತು. ಅವರು ಹಕ್ಕಿಗಾಗಿ ಕೋರ್ಟಿನ ಮೆಟ್ಟಿಲು ಹತ್ತುತ್ತಿದ್ದಾರೆ. ನಮ್ಮ ಪ್ಲೇಟಿನಲ್ಲಿ ಕಂಪ್ಯೂಟರಿಲ್ಲ, ಪಾಸ್‌ವರ್ಡಿಲ್ಲ, ಬೀಗವಿಲ್ಲ. ಇರುವುದು ಬರೀ ಉಕ್ಕು. ನಮ್ಮನ್ನು ಯಾರೂ ತಡೆದಿಲ್ಲ, ನಾವೇ ನಮ್ಮನ್ನು ತಡೆದುಕೊಂಡಿದ್ದೇವೆ.

ಇನ್ನೊಂದು ಮಾತನ್ನು ಹೇಳದೆ ಮುಗಿಸಲಾರೆ. ಆ ಪ್ಲೇಟು ಬಾಗಿದ್ದು ಶ್ರಮದಾನದ ದಿನ, ಹೊಸದಾಗಿ ಈ ಊರಿಗೆ ಬಂದ ಒಬ್ಬ ಹುಡುಗನ ಕೈಯಲ್ಲಿ. ಬಕೆಟ್ಟಿನ ಒಂದೇ ಮೂಲೆ ಕೊಟ್ಟು ಮರದ ಬೊಡ್ಡೆ ಎಬ್ಬಲು ಹೋದ. ಇಡೀ ಬೊಡ್ಡೆಯ ಬಲ ಒಂದೇ ಮಗ್ಗುಲಿಗೆ ಬಂದರೆ ಪ್ಲೇಟು ತಿರುಚಲೇಬೇಕು. ಬೊಡ್ಡೆಯ ಸುತ್ತ ಅಗೆದು, ಬೇರು ಕತ್ತರಿಸಿ, ಆಮೇಲೆ ಬಕೆಟ್ಟಿನ ನಡುಭಾಗದಿಂದ ಎತ್ತಬೇಕು ಎಂದು ಅವನಿಗೆ ಹೇಳಿಕೊಟ್ಟವರು ಯಾರು? ಸಮಿತಿ ಅವನ ಕೈಗೆ ಕೀ ಕೊಟ್ಟಿತು, ವಿದ್ಯೆ ಕೊಡಲಿಲ್ಲ. ಆಮೇಲೆ ನಡಾವಳಿಯಲ್ಲಿ “ಅಜಾಗರೂಕತೆಯಿಂದ” ಎಂದು ಬರೆದುಕೊಂಡಿತು. ಆ ಹುಡುಗ ಅಂದಿನಿಂದ ಕೂಟದ ಕಡೆ ತಲೆ ಹಾಕಿಲ್ಲ, ಯುಗಾದಿಗೂ ಬರಲಿಲ್ಲ. ಕೆಲಸಕ್ಕೆ ಬಂದದ್ದು ಅವನು. ಬಾರದೆ ಮನೆಯಲ್ಲಿದ್ದವರ ಹೆಸರು ಯಾವ ನಡಾವಳಿಯಲ್ಲೂ ಇಲ್ಲ. ನಾಳೆ ಹೊಸ ಟ್ರಾಕ್ಟರಿಗೆಂದು ಪ್ರತಿ ಮನೆಯವರೂ ನೂರೈವತ್ತು ಡಾಲರು ಕೊಡುವಾಗ ಮನಸ್ಸಿನಲ್ಲಿ ಯಾರನ್ನು ಬೈದುಕೊಳ್ಳುತ್ತಾರೆ, ಹೇಳಿ.

ಆದ್ದರಿಂದ ಸಾಮಾನ್ಯ ಸಭೆಯ ಮುಂದೆ ನನ್ನ ಮೂರು ತಿದ್ದುಪಡಿಗಳು. ಒಂದು: ಟ್ರಾಕ್ಟರ್ ಮಾರುವ ಸೂಚನೆ ಕೈಬಿಟ್ಟು, ಪ್ಲೇಟಿನ ರಿಪೇರಿಗೆ ಐನೂರು ಡಾಲರು ಮಂಜೂರು ಮಾಡುವುದು. ಎರಡು: ಬಿಚ್ಚುವ ಮತ್ತು ಅಳೆಯುವ ಕೆಲಸವನ್ನು ಒಂದು ಶನಿವಾರ ಜಾಗದಲ್ಲೇ ಮಾಡುವುದು. ಕನ್ನಡ ಶಾಲೆಯ ದೊಡ್ಡ ಮಕ್ಕಳು, ಹುಡುಗಿಯರೂ ಹುಡುಗರೂ, ಬಂದು ದಾರ ಹಿಡಿಯಲಿ. ಇಕ್ಕಳ, ಸುತ್ತಿಗೆ, ಕುಲುಮೆ, ಬೆಸುಗೆ ಎಂಬ ಮಾತುಗಳನ್ನು ಪುಸ್ತಕದಲ್ಲಿ ಬರೆಸುವುದಕ್ಕಿಂತ ವಸ್ತು ಮುಟ್ಟಿಸಿ ಹೇಳಿದರೆ ನೆನಪಿನಲ್ಲಿ ಉಳಿಯುತ್ತವೆ. ಬೆಂಕಿ ಮತ್ತು ಜ್ಯಾಕಿನ ಕೆಲಸ ಮಾತ್ರ ಅಂಗಡಿಯಲ್ಲಿ ಬಲ್ಲವರಿಂದಲೇ ಆಗಲಿ. ಮೂರು: ನಡಾವಳಿಯಿಂದ “ಅಜಾಗರೂಕತೆಯಿಂದ” ಎಂಬ ಪದವನ್ನು ತೆಗೆದುಹಾಕಿ, ಆ ಹುಡುಗನ ಮನೆಗೆ ಅಧ್ಯಕ್ಷರೇ ಹೋಗಿ ಆ ಶನಿವಾರದ ಕೆಲಸಕ್ಕೆ ಕರೆಯುವುದು.

ಮೂರನೆಯದಕ್ಕೆ ಒಂದು ಕಾಸೂ ಖರ್ಚಿಲ್ಲ. ಉಳಿದ ಎರಡಕ್ಕೆ ಮತ ಬೀಳದೆ ಹೋದರೂ ಇದೊಂದನ್ನಾದರೂ ದಯವಿಟ್ಟು ಅಂಗೀಕರಿಸಿ.

ಇತಿ ತಮ್ಮ ವಿಶ್ವಾಸಿ,
ಕೂಟದ ಹಳೆಯ ಸದಸ್ಯ